ಕೂಸಿನವ್ವನ ಎಣ್ಣೆ

“ಆ ಬಟ್ಟಲ ಕೆಳಗ ಇಡು, ಮಂಜವ್ವ!”

ಹುಲಗಪ್ಪ ಹೆಂಡತಿಯ ಕೈಯಿಂದ ಬಟ್ಟಲು ಕಸಿದುಕೊಂಡ ರಭಸಕ್ಕೆ ಕುಸುಬಿ ಎಣ್ಣೆ ಹೊಸ್ತಿಲ ಮೇಲೆ ಚೆಲ್ಲಿತು. ತುಂಬಿದ ಬಸುರಿ ಮಂಜವ್ವ ಗೋಡೆ ಹಿಡಿದು ನಿಂತಳು.

“ಇವತ್ತ ಮಂಗಳವಾರ ರೀ! ಹರಕಿ ಹೊತ್ತೀನಿ. ಹಡಿಯೂತನಕಾ ಎಣ್ಣಿ ಎರಿತೀನಂತ ತಾಯಿಗಿ ಮಾತ ಕೊಟ್ಟೀನಿ… ಇದೊಂದು ಕೂಸರ ಉಳೀಲಿ ರೀ!”

“ಸಾಹೇಬ ನೋಡಿದ್ರ ನನ್ನ ನೌಕರಿ ಹೋಗತೈತಿ.”

ಒಲೆಯ ಮುಂದೆ ಕುಳಿತಿದ್ದ ಹನಮಂತವ್ವ ಮಗನನ್ನೂ ಸೊಸೆಯನ್ನೂ ನೋಡಿ ಒಲೆಗೆ ಕಟ್ಟಿಗೆ ಒತ್ತಿದಳು. ಸೊಸೆಯ ಎರಡನೆಯ ಕೂಸು ತೀರಿಕೊಂಡ ದಿನ ಅವಳು ಒಂದು ಮಾತು ಆಡಿದ್ದಳು: “ನಿನ್ನ ಉಡಿಯೊಳಗ ಕೂಸು ನಿಲ್ಲೂದಿಲ್ಲ ಬಿಡು.” ಸಂಕಟದಲ್ಲಿ ಬಂದ ಮಾತು. ಆದರೆ ಅಂದಿನಿಂದ ಮಂಜವ್ವ ಅತ್ತೆಯ ಮುಖವನ್ನು ನೆಟ್ಟಗೆ ನೋಡಿರಲಿಲ್ಲ.

ಲಕ್ಷ್ಮೇಶ್ವರದ ಹೊರಗೆ, ಅವರ ಮನೆಯ ಬೆನ್ನಿಗೇ, ಒಂದು ಹಾಳುಗುಡಿ. ಅದರ ಗೋಡೆಯಲ್ಲಿ ಮಡಿಲಲ್ಲಿ ಮಗುವನ್ನಿಟ್ಟುಕೊಂಡ ದೇವಿ. ಓಣಿಯವರಿಗೆ ಅವಳು ಕೂಸಿನವ್ವ. ತಲೆಮಾರುಗಳಿಂದ ಎರೆದ ಎಣ್ಣೆ, ದೀಪದ ಮಸಿ ಗಟ್ಟಿಯಾಗಿ ಕುಳಿತು ದೇವಿ ಯಾವುದು, ಕೂಸು ಯಾವುದು ಎಂದು ತಿಳಿಯದಂತಾಗಿತ್ತು. ಹುಲಗಪ್ಪ ಹುಟ್ಟಿದ್ದೂ ಆ ಹರಕೆಯಿಂದಲೇ ಎಂದು ಹನಮಂತವ್ವ ನಂಬಿದ್ದಳು.

ಮಿರಜಿನ ಸಂಸ್ಥಾನ ಹೋಯಿತು, ಊರು ಮುಂಬಯಿ ಪ್ರಾಂತಕ್ಕೆ ಸೇರಿತು. ಹೋದ ನವೆಂಬರಿನಲ್ಲಿ ಕನ್ನಡ ನಾಡು ಒಂದಾಯಿತು. ಆಮೇಲೆ ದಕ್ಷಿಣದ ಜಿಲ್ಲೆಗಳಿಂದ ಮೋಟಾರಿನಲ್ಲಿ ಜನ ಬರತೊಡಗಿದರು, ನಮ್ಮ ನಾಡಿನ ಗುಡಿ ನೋಡುತ್ತೇವೆ ಎಂದು. ಇಲಾಖೆಯವರು ಸುತ್ತ ತಂತಿ ಬಿಗಿದು ‘ನೋಡಿರಿ, ಮುಟ್ಟಬೇಡಿರಿ’ ಎಂದು ಹಲಗೆ ನಿಲ್ಲಿಸಿದರು. ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಹುಲಗಪ್ಪನಿಗೆ ಖಾಕಿ ಅಂಗಿ ತೊಡಿಸಿ ಪಹರೆಗೆ ನಿಲ್ಲಿಸಿದರು.

“ಮಂದಿ ಬರಲಿ ಬಿಡ್ರಿ,” ಎನ್ನುತ್ತಿದ್ದ ಎದುರಿನ ಚಹಾದಂಗಡಿಯ ಯಮನೂರಸಾಬ. “ಅವರ ಬಂದ ಮ್ಯಾಲ ನಮ್ಮ ಒಲಿ ದಿನಾ ಉರೀತೈತಿ.”

“ನಿನ್ನ ಒಲಿ ಉರೀತೈತೋ ಯಪ್ಪಾ, ನಮ್ಮ ದೀಪ ಆರಿಸ್ಯಾರಲ್ಲ!” ಎಂದು ನೆರೆಮನೆಯ ಸಾವಂತ್ರೆವ್ವ ಸೆರಗು ಜಾಡಿಸುತ್ತಿದ್ದಳು. “ಬೂಟು ಹಾಕ್ಕೊಂಡ ಬಂದಾವ್ರು ಒಳಗ, ಎಣ್ಣಿ ತಂದಾವ್ರು ಹೊರಗ. ಚಂದ ಆತು ಬಿಡು!”

ರವಿವಾರ ದೊಡ್ಡ ಸಾಹೇಬರ ಜೊತೆ ಒಂದು ಬಸ್ಸಿನಷ್ಟು ಜನ ಬರುವವರಿದ್ದರು. ಅಷ್ಟರೊಳಗೆ ಎಣ್ಣೆಜಿಡ್ಡು ತೆಗೆಯಬೇಕು, ಇಲ್ಲವಾದರೆ ಬೇರೆ ಪಹರೆಯವನನ್ನು ನೋಡುತ್ತೇವೆ ಎಂದು ಅಪ್ಪಣೆಯಾಗಿತ್ತು. ಊರಿನ ಒಬ್ಬ ಕೂಲಿಯವನೂ ದೇವಿಯ ಮೈ ಮುಟ್ಟಲು ಒಪ್ಪಲಿಲ್ಲ. ಶನಿವಾರ ಹುಲಗಪ್ಪನೇ ಬಿಸಿನೀರಿನ ಕೊಡ ಎತ್ತಿಕೊಂಡಾಗ ಹನಮಂತವ್ವ ಅದನ್ನು ಇಸಿದುಕೊಂಡಳು.

“ನೀ ಮುಟ್ಟಬ್ಯಾಡ. ಕೂಸಿನ ಅಪ್ಪ ಆಗಾಂವ ನೀ. ಬಂದ ಪಾಪ ಈ ಮುದುಕಿಗಿ ಬರಲಿ.”

ಸೀಗೆಕಾಯಿ, ಬೂದಿ, ತೆಂಗಿನ ನಾರು… ಉಜ್ಜಿದಂತೆ ಕಪ್ಪು ಕರಗಿ ಇಳಿಯಿತು. ದೇವಿಯ ನಗುಮುಖ ಮೂಡಿತು. ಮಡಿಲ ಕೂಸಿನ ಪುಟ್ಟ ಕಾಲು, ಕೈ, ಹೊಟ್ಟೆ ಕಂಡವು. ಅದರ ಮೇಲೆ… ಅವಳ ಕೈ ನಿಂತುಹೋಯಿತು.

ಕೂಸಿಗೆ ತಲೆಯೇ ಇರಲಿಲ್ಲ!

ಒಡೆದ ಅಂಚು ಸವೆದು ನುಣ್ಣಗಾಗಿತ್ತು. ಯಾವ ಕಾಲದಲ್ಲಿ ಮುರಿದದ್ದೋ! ಮಗ ಬಗ್ಗಿ ನೋಡಿ ಬಿಳಿಚಿಕೊಂಡ.

“ಯವ್ವಾ… ಇಷ್ಟ ದಿನಾ ನಾವೆಲ್ಲಾ…”

“ಮಂಜವ್ವಗ ಹೇಳಬ್ಯಾಡ,” ಎಂದಷ್ಟೇ ಅಂದಳು ಹನಮಂತವ್ವ.

ಆದರೆ ರವಿವಾರ ಗಂಡನ ಬುತ್ತಿ ಹಿಡಿದುಕೊಂಡು ಮಂಜವ್ವ ತಂತಿಯ ಹತ್ತಿರ ಬಂದದ್ದು ಯಾರಿಗೂ ಕಾಣಲಿಲ್ಲ. ಸಾಹೇಬರು ಗುಡಿಯ ಆಚೆ ಬದಿಗೆ ಹೋಗಿದ್ದಾಗ ಕ್ಯಾಮರಾ ಹಿಡಿದ ಒಬ್ಬ ಹೆಣ್ಣುಮಗಳು ಸಂಗಾತಿಗಳನ್ನು ಕರೆದಳು. “ಇಲ್ಲಿ ನೋಡಿ, ಎಷ್ಟು ಮುದ್ದಾಗಿದೆ! ಪಾಪ, ಮಗುವಿನ ತಲೆಯೇ ಹೋಗಿದೆ.”

ಬುತ್ತಿ ನೆಲಕ್ಕೆ ಬಿತ್ತು.

“ತಲೀನ ಇಲ್ಲ?… ಹಂಗಾರ ನಾ ಯಾರಿಗಿ ಎಣ್ಣಿ ಎರದ್ಯೋ? ನನ್ನ ಎರಡು ಕೂಸು… ಅಯ್ಯೋ, ಈ ಕೂಸೂ…” ಮಂಜವ್ವ ಎರಡೂ ಕೈಯಿಂದ ಹೊಟ್ಟೆ ಅವುಚಿಕೊಂಡು ಕುಸಿದಳು. ಬಂದವರು ದೂರ ಸರಿದು ನಿಂತು ನೋಡಿದರು, ಓಣಿಯವರು ಓಡಿಬಂದು ಕೂಡಿದರು.

ಮಗನ ಪಕ್ಕದಲ್ಲೇ ಇದ್ದ ಹನಮಂತವ್ವ ಒಂದು ಗಳಿಗೆ ದೇವಿಯ ಮುಖ ನೋಡಿದಳು. ಆಮೇಲೆ ಓಣಿಯವರಿಗೆಲ್ಲ ಕೇಳುವಂತೆ ಹೇಳಿದಳು:

“ತಲಿ ಇತ್ತವ್ವಾ. ನಿನ್ನೀತನಕಾ ಇತ್ತು. ನಾ ತಿಕ್ಕಾಕ ಹೋಗಿ ಒಡದೆ. ನಿನ್ನ ಹರಕಿ ತಲಿ ಇದ್ದ ಕೂಸಿಗೇ ಮುಟ್ಟೈತಿ. ಪಾಪ ನಂದು, ನಿಂದಲ್ಲ.”

ಹುಲಗಪ್ಪ ಬಾಯಿ ತೆರೆದ. ತಾಯಿ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

ಮಂಜವ್ವನ ಅಳು ನಿಂತಿತು. ಎರಡನೆಯ ಕೂಸು ಹೋದ ಮೇಲೆ ಮೊದಲ ಸಲ ಅವಳು ಅತ್ತೆಯ ಮುಖವನ್ನು ನೆಟ್ಟಗೆ ನೋಡಿದಳು. “ನೀವು… ಕೂಸು ನಿಲ್ಲೂದಿಲ್ಲಂತ ಮೊದಲ ಬಾಯಿಲೆ ಅಂದ್ರಿ. ಈಗ ಕೈಲೆ ಮಾಡಿ ತೋರಿಸಿದ್ರಿ!”

ಮರುದಿನವೇ ಅಣ್ಣನನ್ನು ಕರೆಸಿಕೊಂಡು ಅವಳು ಮುಂಡರಗಿಯ ತವರಿಗೆ ಹೋದಳು. ಸಾವಂತ್ರೆವ್ವ ಮಾತು ಬಿಟ್ಟಳು. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಹನಮಂತವ್ವ ಬಂದರೆ ಕೊಡ ಆಚೆ ಸರಿಸಿಕೊಂಡರು.

“ಖರೆ ಹೇಳಿಬಿಡತೀನಿ ಯವ್ವಾ,” ಎಂದು ಹುಲಗಪ್ಪ ಎಷ್ಟೋ ಸಲ ಅತ್ತ.

“ಹಡಿಯೂ ಹೊತ್ತಿಗಿ ಆಕಿಗಿ ಧೈರ್ಯ ಬೇಕೋ, ಖರೆ ಬೇಕೋ? ಸುಮ್ಮನಿರಪ್ಪ.”

ಗಂಡು ಕೂಸು ಹುಟ್ಟಿತು. ತಾಯಿ, ಮಗು ಕ್ಷೇಮ ಎಂದು ಖಬರು ಬಂದಿತು. ಹನಮಂತವ್ವ ಹೊಸ ಎಣ್ಣೆ ತುಂಬಿದ ಆ ಹರಕೆಯ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುಂಡರಗಿಗೆ ಹೋದಳು. ಬಾಣಂತಿಯ ಕೋಣೆಯ ಬಾಗಿಲಲ್ಲಿ ಬಟ್ಟಲು ಕೆಳಗಿಟ್ಟು ನಿಂತಾಗ ಎರಡೂ ಕೈ ತಾವಾಗಿಯೇ ಮುಂದೆ ಚಾಚಿದವು.

ಮಂಜವ್ವ ಮಗುವನ್ನು ಎದೆಗೆ ಒತ್ತಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. “ಅಲ್ಲೇ ನಿಂತು ನೋಡ್ರಿ ಅತ್ತಿ. ಮುಟ್ಟಬ್ಯಾಡ್ರಿ.”

ಹನಮಂತವ್ವನ ನಾಲಿಗೆಯ ತುದಿಗೆ ಬಂದ ನಿಜ ಅಲ್ಲೇ ನಿಂತಿತು. ಹೇಳಿದರೆ ಮೊಮ್ಮಗ ತೋಳಿಗೆ ಬರುತ್ತಾನೆ… ಆದರೆ ಅವನಿಗೆ ಜ್ವರ ಬಂದಾಗಲೆಲ್ಲ ಈ ತಾಯಿಗೆ ಆ ತಲೆಯಿಲ್ಲದ ಕೂಸೇ ಕಾಣುತ್ತದೆ.

“ಆತವ್ವಾ,” ಎಂದು ಬಟ್ಟಲನ್ನು ಒಳಗೆ ಸರಿಸಿದಳು. “ಎಣ್ಣಿನರ ತಗೋ.”

ಮಂಜವ್ವ ಬಹಳ ಹೊತ್ತು ಬಟ್ಟಲನ್ನು ನೋಡಿದಳು. ಕೊನೆಗೆ ಕೈಚಾಚಿ ತೆಗೆದುಕೊಂಡು ಅಂಗೈಯಲ್ಲಿ ಎಣ್ಣೆ ಹಾಕಿ ಕೂಸಿನ ನೆತ್ತಿಗೆ ಮೆಲ್ಲಗೆ ತಟ್ಟತೊಡಗಿದಳು.

ತಲೆ ತುಂಬ ಕಪ್ಪು ಕೂದಲು. ಹನಮಂತವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೊಸ್ತಿಲ ಹೊರಗೆ ನಿಂತೇ, ಬಸ್ಸಿನ ಹೊತ್ತಾಗುವ ತನಕ ನೋಡಿದಳು.