ಬೀಗರ ಕಾರಿನ ಪೊರೆ

ಬಣ್ಣದ ಪದರಗಳನ್ನು ತೋರಿಸುವ ಪದರಗನ್ನಡಕ ಏರಿಸಿಕೊಂಡು ಹಾಲಪ್ಪ ಬಾನೆಟ್ಟಿನ ಮೇಲೆ ಬಗ್ಗಿದಾಗ ಬಿಳಿ ಕಾರು ಬಿಳಿಯಾಗಿರಲಿಲ್ಲ, ನಾಟಿ ಮಾಡಿದ ಗದ್ದೆಯ ಹಾಗೆ ಹಚ್ಚಗೆ ಹಸಿರಾಗಿ ಕಾಣುತ್ತಿತ್ತು. ಹಸಿರು ದಟ್ಟವಾಗಿದ್ದರೆ ಬಣ್ಣದ ಮೇಲಿನ ಪಾರದರ್ಶಕ ಪದರ ಗಟ್ಟಿಯಾಗಿದೆ, ಧೈರ್ಯವಾಗಿ ಉಜ್ಜಬಹುದು ಎಂದರ್ಥ. ಹಸಿರು ತೆಳುವಾಗುತ್ತ ಬಂದರೆ ಹುಷಾರಾಗಬೇಕು. ಕೆಂಪು ಕಂಡರೆ ಕಥೆ ಮುಗಿಯಿತು, ಮೇಲಿನದೆಲ್ಲ ಸವೆದು ಕೆಳಗಿನ ಕೆಂಪು ತಳಲೇಪ ಹೊರಬಿದ್ದಿದೆ ಎಂದು ಲೆಕ್ಕ. ಆಗ ಕನ್ನಡಕ ಕೂಗಿಕೊಳ್ಳುತ್ತದೆ, ಉಜ್ಜಿ ಹೊಳಪು ಕೊಡುವ ಬಫಿಂಗ್ ಮೆಷಿನ್ ತಾನಾಗಿ ನಿಲ್ಲುತ್ತದೆ, ಕಾರಿನ ಮಾಲೀಕರಿಗೆ ಫೋಟೋ ಸಮೇತ ಸಂದೇಶ ಹೋಗುತ್ತದೆ.

ಒಂದು ಬಣ್ಣಕ್ಕೆ ಇಷ್ಟೆಲ್ಲ ರಂಪಾಟವೇಕೆ ಎಂದು ಕೇಳಬಹುದು. ಆ ಕಾಲದ ಕಾರುಗಳು ತಾವೇ ಓಡಾಡುತ್ತಿದ್ದವು. ಮೊದಮೊದಲು ಅವಕ್ಕೆ ನೆತ್ತಿಯ ಮೇಲೊಂದು, ಮೂತಿಯ ಮೇಲೊಂದು ಕ್ಯಾಮೆರಾ ಅಂಟಿಸುತ್ತಿದ್ದರು. ಆಮೇಲೆ ನೇತ್ರಲೇಪ ಬಂತು. ಬಣ್ಣದಲ್ಲಿಯೇ ಬೆಳಕನ್ನು ಗ್ರಹಿಸುವ ಕಣಗಳನ್ನು ಕಲಸಿ ಬಳಿದುಬಿಟ್ಟರೆ ಕಾರಿನ ಮೈಯೆಲ್ಲ ಕಣ್ಣು. ವಿಜ್ಞಾನಿಗಳು ಬಹಳ ಹಿಗ್ಗಿದರು. ಆದರೆ ನಮ್ಮ ಜನ ಬೆಳಗೆದ್ದು ಒಣ ಬಟ್ಟೆಯಲ್ಲಿ, ಧೂಳಿನ ಸಮೇತ, ಕಾರನ್ನು ಸುತ್ತಿ ಸುತ್ತಿ ಒರೆಸುವುದನ್ನು ಅವರು ಯಾರೂ ನೋಡಿರಲಿಲ್ಲ. ಜೇಡರ ಬಲೆಯಂಥ ಗೀರುಗಳು ಬಿದ್ದು ಕಾರಿನ ಕಣ್ಣಿಗೆ ಪೊರೆ ಬಂತು. ತಮ್ಮ ನೆರಳಿಗೆ ತಾವೇ ಬೆಚ್ಚಿ ಕಾರುಗಳು ನಡುರಸ್ತೆಯಲ್ಲಿ ನಿಲ್ಲತೊಡಗಿದವು. ಪೊರೆ ತೆಗೆಯಲು ರೋಬೋಗಳನ್ನು ಬಿಟ್ಟು ನೋಡಿದರು. ಅವು ಅಂಚು ತಿರುವು ಎನ್ನದೆ ಒಂದೇ ಸಮ ಒತ್ತಿ ಬಣ್ಣವನ್ನೇ ಸುಟ್ಟುಹಾಕಿದವು. ಕೊನೆಗೆ ಮನುಷ್ಯರ ಕೈಯೇ ಬೇಕಾಯಿತು. ಕೈಗೆ ತಪ್ಪಾಗದಿರಲೆಂದು ಈ ಕನ್ನಡಕ ಬಂತು.

ಕನ್ನಡಕ ಕಂಡುಹಿಡಿದ ಡಾ. ಇಂದುಮತಿ ತುಮಕೂರಿನ ಹೊರವಲಯದ ಒಂದು ಶೆಡ್ಡಿನಲ್ಲಿ ತಾವೇ ತರಬೇತಿ ಕೊಡುತ್ತಿದ್ದರು. ಹಾಲಪ್ಪ ಅವರ ಶಿಷ್ಯರಲ್ಲಿ ಅತಿ ಹಿರಿಯ, ಅತಿ ಹಟಮಾರಿ. ಬಸ್ಸುಗಳು ತಾವೇ ಓಡಲು ಕಲಿತು ಡ್ರೈವರ್ ಕೆಲಸ ಹೋದ ಮೇಲೆ ಇಲ್ಲಿಗೆ ಬಂದವನು. ಮೆಷಿನ್ನನ್ನೂ ಅವನು ಘಾಟಿ ಇಳಿಯುವ ಬಸ್ಸಿನ ಸ್ಟೇರಿಂಗಿನಂತೆ ಅಮುಕಿ ಹಿಡಿಯುತ್ತಿದ್ದ.

"ಒತ್ಬೇಡಿ ಹಾಲಪ್ಪನವರೇ," ಎಂದು ಇಂದುಮತಿ ಹೇಳಿದ್ದೇ ಹೇಳಿದ್ದು. "ಅದರ ಭಾರಾನೇ ಸಾಕು. ನೀವು ಬರೀ ದಾರಿ ತೋರಿಸಿ. ಒಂದು ಕಡೆ ನಿಂತ್ರೆ ಬಿಸಿಯಾಗಿ ಸುಡುತ್ತೆ, ಅಂಚಿಗೆ ಟೇಪ್ ಹಚ್ಚದಿದ್ರೆ ಅಂಚು ಹೋಗುತ್ತೆ."

"ಜೀವಮಾನವೆಲ್ಲಾ ಬಿಗಿಹಿಡಿದ ಕೈ ಮೇಡಂ. ಸುಮ್ನಿರು ಅಂದ ತಕ್ಷಣ ಸುಮ್ನಿರುತ್ತಾ?"

ಗುಜರಿಯಿಂದ ತಂದ ಬಾನೆಟ್ಟುಗಳನ್ನು ಸಾಲಾಗಿ ಸುಟ್ಟ ಮೇಲೆ ಕೈ ಸ್ವಲ್ಪ ಪಳಗಿತು. ಇನ್ನು ನಿಜವಾದ ಕಾರು ಮುಟ್ಟಬಹುದು ಎಂದರು ಇಂದುಮತಿ. ಊರಲ್ಲಿ ಇಷ್ಟು ಕಾರುಗಳಿರುವಾಗ ಅವನಿಗೆ ಮೊದಲು ಸಿಕ್ಕಿದ್ದು ಬೀಗರ ಕಾರು.

ತಪ್ಪು ಅವನದೇ. ಮಗಳು ಅನುಪಮಾಳ ಮದುವೆಯಾದ ಮೇಲೆ ಬಂದ ಮೊದಲ ಆಯುಧಪೂಜೆಗೆ ಬೀಗರು ಊಟಕ್ಕೆ ಕರೆದಿದ್ದರು. ಬೀಗರಾದ ಗಂಗಾಧರಯ್ಯನವರು ಮಾತು ಕಡಿಮೆಯ ಮನುಷ್ಯ. ಅವರು ಎಲೆಯ ಮುಂದೆ ಕೂತು, "ಯಾಕೋ ಈಚೆಗೆ ನಮ್ಮ ಕಾರು ತುಂಬ ಹೆದರುತ್ತೆ" ಎಂದರು. ಹಾಲಪ್ಪ ತಟ್ಟನೆ, "ನಾನಿರೋವಾಗ ಚಿಂತೆ ಯಾಕೆ ಬೀಗರೇ, ನನ್ನ ಕೈಗೆ ಕೊಡಿ" ಎಂದುಬಿಟ್ಟ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಇದಕ್ಕೇ.

ಅಂದಿನಿಂದ ಅವನಿಗೆ ಅನ್ನ ಸೇರಿರಲಿಲ್ಲ. ಗಂಗಾಧರಯ್ಯ ದಿನ ಬೆಳಗ್ಗೆ ಹೆಗಲ ಮೇಲಿನ ಟವೆಲ್ಲಿನಿಂದಲೇ ಆ ಕಾರನ್ನು ಒರೆಸುವುದನ್ನು ಅವನು ನೋಡಿದ್ದ. ಅದಕ್ಕೇನಾದರೂ ಆದರೆ ತನಗೆ ಯಾರೂ ಏನೂ ಅನ್ನಲಾರರು. ಆದರೆ ಮಗಳಿಗೆ? ತಟ್ಟೆಗೆ ಅನ್ನ ಬಡಿಸುವಾಗಲೆಲ್ಲ "ನಿಮ್ಮಪ್ಪ ನಮ್ಮ ಕಾರು ಕುರುಡು ಮಾಡಿದ" ಎಂಬ ಮಾತನ್ನೂ ಬಡಿಸಿದರೆ? ಹೊಸ ಮನೆ, ಹೊಸ ಜನ. ಅವರು ಎಂಥವರೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ.

ಆದ್ದರಿಂದ ಈ ದಿನ ಅವನು ಉಸಿರು ಬಿಗಿಹಿಡಿದು ಮೆಷಿನ್ ಆಡಿಸಿದ. ಒತ್ತಲಿಲ್ಲ, ನಿಲ್ಲಲಿಲ್ಲ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಗೀರುಗಳು ಕರಗಿ ಬಾನೆಟ್ಟು ಫಳಫಳ ಎನ್ನತೊಡಗಿತು. ಹಸಿರು ಕೊನೆಯವರೆಗೂ ದಟ್ಟವಾಗಿಯೇ ಇತ್ತು. ಅಂಚಿನ ಟೇಪ್ ಕಿತ್ತು, ಪಾಲಿಶಿನ ಜಿಡ್ಡು ಹೋಗಲೆಂದು ಕ್ಷಾರದ ಸಾಬೂನು ನೀರನ್ನು ಚಿಮುಕಿಸಿ ಅಂಗೈಯಲ್ಲಿ ಸವರಿದ.

ಅಂಚಿನುದ್ದಕ್ಕೂ ಕೆಂಪು ಎದ್ದಿತು. ಸಣ್ಣ ಗೆರೆಯಲ್ಲ. ಕೈ ಆಡಿದಲ್ಲೆಲ್ಲ ಹರಡಿಕೊಂಡ ಗಾಢ ಕೆಂಪು.

ಕನ್ನಡಕ ಕೂಗಿಕೊಂಡಿತು. ಮೆಷಿನ್ನಿನ ದೀಪ ಆರಿತು. "ಫೋಟೋ ಕಳುಹಿಸಲಾಗಿದೆ, ಕೆಲಸ ನಿಲ್ಲಿಸಲಾಗಿದೆ" ಎಂದು ಹೆಣ್ಣುದನಿಯೊಂದು ಬಹಳ ಸೌಜನ್ಯದಿಂದ ಹೇಳಿತು. ಕಾರು ತನ್ನ ನಾಲ್ಕೂ ಚಕ್ರಗಳಿಗೆ ತಾನೇ ಬೀಗ ಹಾಕಿಕೊಂಡಿತು. ಹಾಲಪ್ಪ ಅಲ್ಲೇ ಬಕೆಟ್ಟಿನ ಪಕ್ಕದಲ್ಲಿ ಕುಸಿದು ಕೂತ.

ಕೂಗು ಕೇಳಿ ಇಂದುಮತಿ ಒಳಗಿನಿಂದ ಬಂದರು. ಬಾನೆಟ್ಟು ನೋಡಿ ಅವರ ಮುಖವೂ ಸಣ್ಣಗಾಯಿತು.

"ಮಗಳ ಬಾಳು ಹಾಳುಮಾಡಿದೆ ಮೇಡಂ," ಎಂದ ಹಾಲಪ್ಪ.

"ಸ್ವಲ್ಪ ತಾಳಿ. ಹಸಿರು ಯಾವಾಗ ತೆಳುವಾಯ್ತು?"

"ಆಗ್ಲೇ ಇಲ್ಲ. ನೀರು ಹಾಕೋವರೆಗೂ ಕಡುಹಸಿರು."

"ಹಾಗಾಗೋಕೆ ಸಾಧ್ಯ ಇಲ್ಲವಲ್ಲ. ಮಹಡಿಯಿಂದ ಇಳೀಬೇಕಾದ್ರೆ ಮೆಟ್ಟಿಲು ಸಿಗಬೇಕು." ಅವರು ಬಗ್ಗಿ ನೋಡಿದರು. "ಎಲ್ಲಿ, ನಿಮ್ಮ ಕೈ ತೋರಿಸಿ."

ಅಂಗೈ ಕೆಂಪಗಿತ್ತು. ತಳಲೇಪ ಕೈಗೆ ಅಂಟುವ ವಸ್ತುವಲ್ಲ.

"ಈ ಕೆಂಪು ಎಲ್ಲೋ ನೋಡಿದೀನಿ," ಎಂದರು ಇಂದುಮತಿ.

"ತಟ್ಟೇಲಿ," ಎಂದ ಹಾಲಪ್ಪ ಮೆಲ್ಲಗೆ. "ಆರತಿ ತಟ್ಟೇಲಿ."

ಇಂದುಮತಿ ಎದುರಿನ ಟೀ ಅಂಗಡಿಯಿಂದ ಒಂದು ನಿಂಬೆಹೋಳು ತಂದು ಬಾನೆಟ್ಟಿನ ಮೇಲೆ ಹಿಂಡಿದರು. ರಸ ಹರಿದಲ್ಲೆಲ್ಲ ಕೆಂಪು ಹಳದಿಗೆ ತಿರುಗಿತು. ಬಟ್ಟೆಯಲ್ಲಿ ಒರೆಸಿದರೆ ಕೆಳಗೆ ಹಾಲಿನಂಥ ಬಿಳಿ ಬಣ್ಣ, ಒಂದು ಗೀರೂ ಇಲ್ಲ.

ಆಯುಧಪೂಜೆಯ ದಿನ ಬೀಗಿತ್ತಿ ಸಿದ್ದಗಂಗಮ್ಮನವರು ಕಾರಿಗೆ ಧಾರಾಳವಾಗಿ ಅರಿಶಿನ ಬಳಿದಿದ್ದರು. ತೊಳೆದರೂ ಬಾನೆಟ್ಟಿನ ಸಂದುಗಳಲ್ಲಿ ಅದು ಉಳಿದುಕೊಂಡಿತ್ತು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆರತಿಯ ಕೆಂಪು ನೀರಾಗುವಂತೆ, ಅರಿಶಿನಕ್ಕೆ ಕ್ಷಾರದ ಸಾಬೂನು ಬಿದ್ದು ಅದೇ ಕೆಂಪಾಗಿತ್ತು. ಪಾಪ, ಕನ್ನಡಕಕ್ಕೆ ಕೆಂಪೆಂದರೆ ತಳಲೇಪ ಒಂದೇ ಗೊತ್ತು.

"ಕಾರ್ಖಾನೆಯಿಂದ ಬಂದ ಕಾರುಗಳ ಮೇಲೇ ಪರೀಕ್ಷೆ ಮಾಡಿದ್ವಿ," ಎಂದು ಇಂದುಮತಿ ನಕ್ಕರು. "ಅವಕ್ಕೆ ಯಾರು ಪೂಜೆ ಮಾಡಿದ್ರು ಹೇಳಿ. ಇರಲಿ, ನಿಮ್ಮ ಬೀಗರಿಗೆ ಫೋನ್ ಮಾಡ್ತೀನಿ."

ಫೋನನ್ನು ಯಾರೂ ಎತ್ತಲಿಲ್ಲ. ಹಾಲಪ್ಪನಿಗೆ ಹೋದ ಜೀವ ಬಂದಿತ್ತು, ಈಗ ಮತ್ತೆ ಅರ್ಧ ಹೋಯಿತು. ಎತ್ತದಷ್ಟು ಕೋಪ ಬಂದಿದೆಯೇ ಎಂದು ಅವನು ತೊಳಲಾಡುತ್ತಿರುವಾಗಲೇ ಶೆಡ್ಡಿನ ಮುಂದೆ ಆಟೊ ಬಂತು. ಅದು ಪೂರ್ತಿ ನಿಲ್ಲುವ ಮೊದಲೇ ಗಂಗಾಧರಯ್ಯ ಇಳಿದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಬಚ್ಚಲಿನ ಚಪ್ಪಲಿ. ಹಿಂದೆಯೇ ಸಿದ್ದಗಂಗಮ್ಮ, ಅತ್ತೂ ಅತ್ತೂ ಮುಖ ಊದಿಸಿಕೊಂಡ ಅನುಪಮಾ.

"ಬೀಗರೇ, ಕಾರಿಗೆ ಏನೂ ಆಗಿಲ್ಲ," ಎಂದು ಹಾಲಪ್ಪ ಕೈಮುಗಿಯಹೋದ.

ಗಂಗಾಧರಯ್ಯ ಮುಗಿಯಲು ಬಿಡಲಿಲ್ಲ. ಕಾರಿನ ಪಕ್ಕದಲ್ಲೇ ಹಾದು ಬಂದರೂ ಅದರ ಕಡೆ ತಿರುಗಲಿಲ್ಲ. ಅವನ ಕೈಯನ್ನು ಹಿಡಿದು, ಅಂಗೈ ಮೇಲೆ ಮಾಡಿ, ಬೆರಳು ಬೆರಳನ್ನೂ ಬಿಡಿಸಿ ನೋಡಿದರು.

"ಎಲ್ಲಿ ಕುಯ್ದಿದೆ?"

ಹಾಲಪ್ಪನಿಗೆ ಅರ್ಥವಾಗಲಿಲ್ಲ. ಅನುಪಮಾ, ಮಾವನಿಗೆ ಬಂದದ್ದನ್ನು ಕಳಿಸಿಕೊಂಡಿದ್ದ ತನ್ನ ಫೋನ್ ಮುಂದೆ ಹಿಡಿದಳು. ಕನ್ನಡಕ ಕಳಿಸಿದ ಫೋಟೋದಲ್ಲಿ ಬಿಳಿ ಬಾನೆಟ್ಟು, ಅದರ ತುಂಬ ಕೆಂಪು, ಆ ಕೆಂಪಿನ ನಡುವೆ ಅವನ ಕೈ. ಕೆಳಗೆ, ಕೆಲಸ ನಿಲ್ಲಿಸಲಾಗಿದೆ ಎಂಬ ಸಾಲು.

"ಮಾವ ಅರ್ಧ ಊಟದಲ್ಲಿ ಎದ್ದುಬಿಟ್ರಪ್ಪ," ಎಂದಳು ಅವಳು. "ಆಸ್ಪತ್ರೆಗೆ ಹೋಗ್ಬೇಕು, ದುಡ್ಡು ಬಟ್ಟೆ ಎತ್ಕೋ ಅಂದ್ರು. ಫೋನನ್ನೂ ಮನೇಲೇ ಬಿಟ್ಟು ಬಂದಿದಾರೆ."

ಇಂದುಮತಿ ಅರಿಶಿನದ ಸಂಗತಿ ವಿವರಿಸಿದರು. ಕೇಳಿ ಸಿದ್ದಗಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "'ಅತ್ತೆ, ಅರಿಶಿನ ಜಾಸ್ತಿಯಾಯ್ತು' ಅಂತ ಅನುಪಮಾ ಅವತ್ತೇ ಹೇಳಿದ್ಳು. ನಾನೆಲ್ಲಿ ಕೇಳ್ದೆ."

ವಾಹನಕ್ಕೆ ಪೆಟ್ಟಾದರೆ ಮಾಲೀಕರಿಗೆ ತಿಳಿಯಲೆಂದು ಮಾಡಿದ ಏರ್ಪಾಡು ಅದು. ಆ ಫೋಟೋದಲ್ಲಿ ಕಾರು ಬಿಟ್ಟು ಮನುಷ್ಯನನ್ನೇ ನೋಡುವವರಿರುತ್ತಾರೆಂದು ಅದನ್ನು ಮಾಡಿದ ಇಂದುಮತಿಯೂ ಎಣಿಸಿರಲಿಲ್ಲ.

"ಒಂದ್ಸಲ ಕಾರು ನೋಡಿ ಬೀಗರೇ," ಎಂದ ಹಾಲಪ್ಪ.

"ಅದೆಲ್ಲಿಗೆ ಹೋಗುತ್ತೆ," ಎಂದರು ಗಂಗಾಧರಯ್ಯ. ಹಿಡಿದ ಕೈಯನ್ನು ಅವರಿನ್ನೂ ಬಿಟ್ಟಿರಲಿಲ್ಲ. "ಮೊದ್ಲು ಕೈ ತೊಳ್ಕೊಂಡು ನಡೀರಿ, ಊಟ ಹಾಗೇ ಬಿಟ್ಟು ಬಂದಿದೀವಿ. ನಿಮಗೂ ಎಲೆ ಹಾಕ್ತಾರೆ."

ಹಾಲಪ್ಪ ನಲ್ಲಿಯ ಕೆಳಗೆ ಕೈಯೊಡ್ಡಿ ಬಹಳ ಹೊತ್ತು ನಿಂತ. ಮಗಳು ಒಳ್ಳೆಯ ಮನೆ ಸೇರಿದ್ದಾಳೆ ಎಂದು ಹೆಂಡತಿಗೆ ಫೋನ್ ಮಾಡಿ ಹೇಳಬೇಕೆನಿಸಿತು. ಅವನಿಗೆ ಚೆನ್ನಾಗಿ ಹಸಿವಾಗುತ್ತಿತ್ತು.