ಮೊದಲ ಗಾಡಿ ಸೈಡಿಗೆ ಹಚ್ರಿ

"ಮೊದಲ ಗಾಡಿ ಸೈಡಿಗೆ ಹಚ್ರಿ... ಆಮ್ಯಾಲ ಮಾತಾಡೋಣ!"

ವಾಡಿಯ ಲಾರಿ ಸರ್ವಿಸ್ ಸೆಂಟರಿನ ಆಫೀಸಿನಲ್ಲಿ ಕುಳಿತು ಭಾಗ್ಯಜ್ಯೋತಿ ಫೋನಿನಲ್ಲಿ ಹೀಗೆ ಗದರುತ್ತಿದ್ದಾಗಲೇ, ಬಾಗಿಲ ಬಳಿ ಏನೋ ಠಣ್ಣೆಂದು ಬಿತ್ತು.

ತಿರುಗಿ ನೋಡಿದಳು. ಮೊಣಕೈವರೆಗೂ ಗ್ರೀಸು ಮೆತ್ತಿಕೊಂಡ ಮೆಕ್ಯಾನಿಕ್ ಒಬ್ಬ ನಿಂತಿದ್ದ. ಕೈಯಲ್ಲಿದ್ದ ಬೋಲ್ಟು ಬಿಗಿಯುವ ಪಾನಾ ಕಾಲ ಬಳಿ ಬಿದ್ದಿತ್ತು. ಅದನ್ನು ಎತ್ತಿಕೊಳ್ಳುವುದನ್ನೂ ಮರೆತು ಅವಳನ್ನೇ ನೋಡುತ್ತಿದ್ದ.

"ನೀವು... ಶಹಾಬಾದದ ಮಹೇಶಕುಮಾರನ ಮನಿಯವ್ರ ಅಲ್ಲೇನ್ರಿ?"

ಅವಳು ಫೋನು ಕೆಳಗಿಟ್ಟಳು.

"ಹೌದ್ರಿ. ನೀವು?"

"ಸಿದ್ಧಲಿಂಗ. ಆವತ್ತ ಕಾಗಿಣಾ ಸೇತುವೆ ಹಂತ್ಯಾಕ... ಕ್ರೇನ್ ತಗೊಂಡು ಬಂದಾವ ನಾನ."

ಅಷ್ಟೇ! ಪಾನಾ ಎತ್ತಿಕೊಂಡು ಹೊರಟೇಹೋದ. ಆಮೇಲೆ ಅವಳತ್ತ ಕಣ್ಣೆತ್ತಿ ನೋಡಲಿಲ್ಲ.

'ಇವನಿಗೆ ಗೊತ್ತಿದೆ... ಅವರ ಫೋನು ಅಂದು ಇವನ ಕೈಗೇ ಸಿಕ್ಕಿರಬೇಕು!' ಎಂದುಕೊಂಡಳು ಭಾಗ್ಯಜ್ಯೋತಿ.

ಎರಡು ವರ್ಷದ ಹಿಂದಿನ ಮಾತು. ಅವಳ ಗಂಡ ಮಹೇಶ ಸೇಡಮ್ ಕಡೆಯಿಂದ ಸಿಮೆಂಟ್ ಲೋಡು ತರುತ್ತಿದ್ದ. ಮನೆಯಲ್ಲಿ ಸುಮ್ಮನೆ ಕುಳಿತಿದ್ದವಳು ಫೋನ್ ಮಾಡಿದ್ದಳು.

"ಸಂಜಿಗೆ ಏನ್ ಮಾಡ್ಲಿ? ಪುಂಡಿಪಲ್ಯಾನೋ, ಝುಣಕಾನೋ?"

"ಪುಂಡಿಪಲ್ಯಾನ ಮಾಡು..." ಎಂದು ಅವನು ನಕ್ಕಿದ್ದ. ಆಮೇಲೆ ಕಬ್ಬಿಣ ಮುರಿದ ಸಪ್ಪಳ. "ತಡಿ ಜ್ಯೋತಿ, ಗಾಡಿ ಯಾಕೋ ಎಡಕ್ಕ ಎಳೀಲಿಕತ್ತದ..."

ಅದಾದ ಮೇಲೆ ಅವಳು ಕೇಳಿಸಿಕೊಂಡದ್ದನ್ನು ಯಾರ ಮುಂದೆಯೂ ಹೇಳಿಲ್ಲ.

ಕಾಗಿಣಾ ಸೇತುವೆಯ ಬಳಿ ಆದ ಆ ಅಪಘಾತದಲ್ಲಿ ಅವನು ಸತ್ತದ್ದಕ್ಕೆ ಪೊಲೀಸರು ಚಾಲಕನ ಅಜಾಗರೂಕತೆ ಎಂದು ಬರೆದರು. ಊರು ಕುಡಿದಿದ್ದ ಎಂದಿತು. ಊರ ಬಾಯಿಗೆ ಬೀಗ ಹಾಕೋರು ಯಾರು? ಅತ್ತೆ ವಿಮಲಾಬಾಯಿ ಮಾತ್ರ ನಳದ ಬಳಿ ನಿಂತು, "ನನ್ನ ಮಗ ಕುಡಿಯಾವಲ್ಲ" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಭಾಗ್ಯಜ್ಯೋತಿ ಆ ಸಪ್ಪಳದ ಬಗ್ಗೆ ಒಂದು ಮಾತು ಹೇಳಿದ್ದರೆ ಆ ಕಳಂಕ ಅಳಿಯುತ್ತಿತ್ತು. ಆದರೆ ಹೇಳಿದರೆ ಫೋನಿನ ಮಾತೂ ಹೊರಗೆ ಬರುತ್ತಿತ್ತು... 'ನಾನೇ ಮಾತಾಡಿಸಿ ಕೊಂದೆ!' ಈ ಒಂದು ಮಾತನ್ನು ಅವಳು ಎರಡು ವರ್ಷ ಒಳಗೇ ನುಂಗಿಕೊಂಡಿದ್ದಳು. ಅಂದಿನಿಂದ ಆ ಮನೆಯಲ್ಲಿ ಪುಂಡಿಪಲ್ಯ ಮಾಡಿಲ್ಲ.

ವಿಧಿಯ ಚೇಷ್ಟೆ ನೋಡಿ, ಸಿಕ್ಕ ಕೆಲಸವೂ ಲಾರಿಯವರಿಗೆ ಫೋನ್ ಮಾಡುವುದೇ! ಒಂದು ಮಾದರಿಯ ದೊಡ್ಡ ಲಾರಿಗಳಲ್ಲಿ ಮುಂದಿನ ಪಾಟಾ, ಅಂದರೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳನ್ನು ಹಿಡಿದಿಡುವ ಬ್ರಾಕೆಟ್ಟಿನಲ್ಲಿ ದೋಷವಿದೆಯೆಂದು ಕಂಪನಿಯೇ ಒಪ್ಪಿಕೊಂಡಿತ್ತು. ಎಲ್ಲ ಲಾರಿಗಳನ್ನೂ ಕರೆಸಿ ಪುಕ್ಕಟೆ ಬದಲಿಸಿಕೊಡಬೇಕು. ಚಿತ್ತಾಪುರ, ಸೇಡಮ್, ಚಿಂಚೋಳಿ... ದಿನವಿಡೀ ಫೋನು. ಯಾರೇ ಎತ್ತಲಿ, ಅವಳ ಮೊದಲ ಮಾತು ಒಂದೇ. ಗಾಡಿ ನಿಲ್ಲಿಸಿದ್ದು ಖಾತ್ರಿಯಾಗುವವರೆಗೆ ಎರಡನೆಯ ಮಾತಿಲ್ಲ.

ಸಿದ್ಧಲಿಂಗ ಲಾರಿಯ ಕೆಳಗಿನ ಗುಂಡಿಯಲ್ಲಿ ನಿಂತು ಬ್ರಾಕೆಟ್ ಬದಲಿಸುತ್ತಿದ್ದ. ಅವನದೂ ಒಂದು ಹುಚ್ಚು. ಒಂದೊಂದು ಬೋಲ್ಟನ್ನೂ ಮೂರು ಸಲ ಬಿಗಿದು, ಮೇಲೆ ಹಳದಿ ಬಣ್ಣದ ಗೆರೆ ಎಳೆಯುತ್ತಿದ್ದ. ಉಳಿದವರು "ಬೋಲ್ಟಿಗಿ ಅರಿಷಿಣ ಭಂಡಾರ ಹಚ್ಲಿಕತ್ತಾನ ನೋಡ್ರೋ" ಎಂದು ಚೇಷ್ಟೆ ಮಾಡಿದರೂ ನಗುತ್ತಿರಲಿಲ್ಲ.

ದಿನಾ ಮೂರು ಗಂಟೆಗೆ ಅವಳ ಮೇಜಿನ ಮೇಲೆ ಚಹಾ ಇಟ್ಟು, ಮೇಲೆ ಬಸಿ ತಟ್ಟೆ ಮುಚ್ಚಿ, ಮಾತಿಲ್ಲದೆ ಹೋಗುತ್ತಿದ್ದ. ಗ್ರೀಸಿನ ಬೆರಳಚ್ಚು ಬಿದ್ದ ಕಪ್ಪಿನ ಚಹಾ ಯಾರಿಗಾದರೂ ಸೇರುತ್ತದೆಯೇ? ಅವಳಿಗೆ ಸೇರುತ್ತಿತ್ತು! ಮೂರು ಗಂಟೆ ಯಾವಾಗ ಆಗುತ್ತದೆಂದು ಗೋಡೆ ಗಡಿಯಾರ ನೋಡುತ್ತಿದ್ದಳು. ನೋಡಿ, ತನ್ನ ಮೇಲೆಯೇ ಸಿಟ್ಟಾಗುತ್ತಿದ್ದಳು.

'ಗಂಡನನ್ನು ಕೊಂದವಳಿಗೆ ಇದೆಲ್ಲ ಯಾಕೆ? ಇವನಿಗೂ ಗೊತ್ತಿದೆ. ಅದಕ್ಕೇ ಮುಖ ನೋಡುವುದಿಲ್ಲ...'

ಒಂದು ತಿಂಗಳಾದ ಮೇಲೆ ಕಂಪನಿಯಿಂದ ಇಂಗ್ಲಿಷಿನಲ್ಲಿ ಇನ್ನೊಂದು ಪತ್ರ ಬಂತು. ಮೊದಲ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಗಾಡಿಗಳೂ ಸೇರಿ ಇನ್ನೂ ಬಾರದ ಲಾರಿಗಳ ಪಟ್ಟಿ, ಫೋನ್ ಮತ್ತು ಚಾಸಿ ನಂಬರುಗಳ ಸಮೇತ. ಜೊತೆಗೆ, ಇದೇ ಮೊದಲ ಸಲ, ಮಾಲೀಕರಿಗೆ ತಿಳಿಸಬೇಕಾದ ದೋಷದ ಲಕ್ಷಣಗಳು.

ಒಂದೊಂದೇ ನಂಬರು ಒತ್ತುತ್ತ ಬಂದವಳ ಬೆರಳು ಒಂದು ಕಡೆ ನೋಡದೆಯೇ ತಾನಾಗಿ ಓಡಿತು. ಅದು ಬೆರಳಿಗೆ ಬಾಯಿಪಾಠವಾದ ನಂಬರು!

"ನೀವು ಕರೆ ಮಾಡಿದ ಸಂಖ್ಯೆ ಚಾಲ್ತಿಯಲ್ಲಿಲ್ಲ..."

ಪಟ್ಟಿ ನೋಡಿದಳು. ಚಾಸಿ ನಂಬರಿನ ಕೊನೆಗೆ 7316. ಹೊಸ ಲಾರಿ ಬಂದ ದಿನ ಮಹೇಶ ಚಾಸಿಯ ಮೇಲೆ ಕಾಗದವಿಟ್ಟು, ಪೆನ್ಸಿಲ್ ತಿಕ್ಕಿ ತೆಗೆದ ನಂಬರು. ಆ ಕಾಗದ ಇಂದಿಗೂ ದೇವರ ಫೋಟೋದ ಹಿಂದಿದೆ. ಪಟ್ಟಿಯಲ್ಲಿ ಆ ನಂಬರಿನ ಮುಂದೆ ಬರೆದಿತ್ತು: 'ಇನ್ನೂ ಬಂದಿಲ್ಲ.'

ಕಂಪನಿಯ ಕಾಗದ ಹಿಡಿದು ಗುಂಡಿಯ ಬಳಿ ಓಡಿದಳು.

"ಸಿದ್ಧಲಿಂಗ ಅವ್ರ! ಇದು ನಮ್ಮವ್ರ ಗಾಡಿ... ಪಟ್ಯಾಗ ಅದ!"

ಅವನು ಮೇಲೆ ಬಂದ. ಕಾಗದಕ್ಕೆ ಕೈ ಚಾಚಿ, ಗ್ರೀಸು ನೋಡಿ ಹಿಂದೆಳೆದುಕೊಂಡ.

"ಓದ್ರಿ. ಕನ್ನಡದಾಗ ಹೇಳ್ರಿ."

"ಮೊದಲ ದೊಡ್ಡ ಸಪ್ಪಳ ಆಗ್ತದಂತ. ಆಮ್ಯಾಲ ಗಾಡಿ ಒಂದ ಬಾಜೂಕ ಎಳೀತದಂತ. ಸ್ಟಿಯರಿಂಗ್ ಮಾತು ಕೇಳಂಗಿಲ್ಲಂತ..." ಕಾಗದದಿಂದ ಕಣ್ಣೆತ್ತಿದಳು. "ಹಂಗ ಆಗಿತ್ರಿ. ನಾ ಕೇಳೀನಿ. ಫೋನಿನ್ಯಾಗ ನಾ ಇದ್ದೆ!"

ಸಿದ್ಧಲಿಂಗ ಟೈರಿನ ಮೇಲೆ ಕುಸಿದು ಕುಳಿತ.

"ಅದಾಗೋ ಎರಡು ದಿನ ಮೊದಲ ಅವನ ಗಾಡಿ ಪಾಟಾ ಬಿಗಿದಾವ ನಾನ್ರಿ. ಬೋಲ್ಟ್ ಪೂರಾ ಬಿಗದೀನೋ ಇಲ್ಲೋ... ಎರಡು ವರ್ಷ ಆತು, ಈ ಕೈಗೇ ಕೇಳ್ಲಿಕತ್ತೀನಿ. ಪಟ್ಯಾಗ ಅವನ ಗಾಡಿ ಅದನೋ ಅಂತ ನಿಮ್ಮನ್ನ ಕೇಳೋ ಧೈರ್ಯ ಆಗಲಿಲ್ಲ. ಇಲ್ಲ ಅಂದ್ರ ತಪ್ಪು ನನ್ನ ಕೈದ ಆಗ್ತಿತ್ತಲ್ರಿ?"

"ಅದಕ್ಕ ನನ್ನ ಮಾರಿ ನೋಡ್ತಿದ್ದಿಲ್ಲೇನ್ರಿ?"

"ನಿಮ್ಮ ಕುಂಕುಮ ಅಳಸಿದಾವ ನಾನ ಅಂತ ತಿಳ್ಕೊಂಡಿದ್ದೆ. ಯಾವ ಮಾರಿ ಇಟ್ಕೊಂಡು ನೋಡ್ಲಿ?"

"ನಾ ಫೋನ್ ಮಾಡಿದ್ದು ನಿಮಗ ಗೊತ್ತದ ಅಂತ ನಾ..."

"ಗೊತ್ತದ. ಕ್ಯಾಬಿನ್ನಿನ್ಯಾಗ ಫೋನ್ ಬಡ್ಕೋಲಿಕತ್ತಿತ್ತು. ಸ್ಕ್ರೀನಿನ ಮ್ಯಾಲ 'ಜ್ಯೋತಿ' ಅಂತಿತ್ತು. ನಲವತ್ತೊಂದು ಸಲ ಮಾಡಿದ್ರಿ ನೀವು. ಎತ್ತೋದು ನನ್ನ ಕೈಲಿ ಆಗಲಿಲ್ಲ."

"ಯಾರಿಗೂ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಹೆಂಡ್ತಿ ಗಂಡಗ ಫೋನ್ ಮಾಡೂದು ಗುನ್ಹೆ ಏನ್ರಿ?"

ಎರಡು ವರ್ಷದಲ್ಲಿ ಮೊದಲ ಸಲ ಭಾಗ್ಯಜ್ಯೋತಿ ಗಟ್ಟಿಯಾಗಿ ಅತ್ತಳು.

ಅವನು ಬೇರೆ ಲಾರಿಯಿಂದ ಬಿಚ್ಚಿ ಹಾಕಿದ್ದ ಹಳೆಯ ಬ್ರಾಕೆಟ್ಟೊಂದನ್ನು ಡೀಸೆಲ್ ಬಟ್ಟೆಯಿಂದ ಒರೆಸಿ ಅವಳ ಮುಂದೆ ಹಿಡಿದ. ಒಳಮೈಯಲ್ಲಿ ಕೂದಲೆಳೆಯಂಥ ಸೀಳು. ಹೊರಗಿನ ಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

"ಹೊರಗ ಕಾಣಂಗಿಲ್ರಿ," ಎಂದ. "ಯಾರಿಗೂ ಕಾಣತಿದ್ದಿಲ್ಲ." ಅದನ್ನು ಅವಳಿಗೆ ಹೇಳಿದನೋ, ತನಗೇ ಹೇಳಿಕೊಂಡನೋ!

ಬ್ರಾಕೆಟ್ಟನ್ನು ಕೆಳಗಿಟ್ಟು, "ಮಹೇಶನ ಅವ್ವಗ ಹೇಳ್ಬೇಕ್ರಿ ಇದು. ನಾನೂ ಬರ್ತೀನಿ," ಎಂದ.

ಅಂದು ಸಂಜೆ ಇಬ್ಬರೂ ಶಹಾಬಾದಿಗೆ ಹೋದಾಗ ವಿಮಲಾಬಾಯಿ ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಕೇಳಿದಳು. ಮೊರದ ಮೇಲಿನ ಕೈ ನಿಂತುಹೋಯಿತು. 'ಬಯ್ಯುತ್ತಾಳೆ... ಹೊರಗೆ ಹಾಕುತ್ತಾಳೆ...' ಎಂದು ಸೊಸೆ ಬಾಗಿಲ ಬಳಿಯೇ ನಿಂತಳು.

"ಕಡೀಕ ಏನಂದ?"

"ಪುಂಡಿಪಲ್ಯಾ ಮಾಡು ಅಂದ್ರು ಅತ್ತಿ... ನಕ್ಕಿದ್ರು."

ವಿಮಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸಾಯೋ ಮುಂದ ನನ್ನ ಮಗ ಒಬ್ಬಾವ ಇದ್ದ, ಒಂದ ಕೂಗು ಕೇಳೋರು ಇದ್ದಿಲ್ಲ ಅಂತ ಎರಡು ವರ್ಷ ಅತ್ತೀನಿ. ನಿನ್ನ ದನಿ ಕೇಳ್ಕೋತ, ನಕ್ಕೋತ ಇದ್ದ ಅಂತ ಈಗ ಹೇಳ್ತಿ! ಯಾಕವ್ವಾ ಇಷ್ಟು ದಿನ ಮುಚ್ಚಿಟ್ಟಿ?"

ಸೊಸೆಯನ್ನು ಎದೆಗೊತ್ತಿಕೊಂಡು ಅತ್ತಳು. ಮರುದಿನ ಬೆಳಗ್ಗೆ ಆ ಇಂಗ್ಲಿಷ್ ಕಾಗದವನ್ನು ತಲೆಕೆಳಗಾಗಿ ಹಿಡಿದು ನಳದ ಬಳಿ ನಿಂತಳು. "ಓದ್ಕೋರಿ! ನನ್ನ ಮಗ ಕುಡದಿದ್ದಿಲ್ಲ!"

ಆ ಸಪ್ಪಳ ಮಾತ್ರ ಭಾಗ್ಯಜ್ಯೋತಿಯನ್ನು ಒಮ್ಮೆಲೇ ಬಿಟ್ಟು ಹೋಗಲಿಲ್ಲ. ಫೋನ್ ಬಡಿದಾಗಲೆಲ್ಲ ಕಿವಿಯಲ್ಲಿ ಕಬ್ಬಿಣ ಮುರಿಯುತ್ತಿತ್ತು. ಆದರೆ ಈಗ ಅದು ಕೇಳಿಸಿದಾಗ ಹೇಳಿಕೊಳ್ಳಲು ಒಬ್ಬನಿದ್ದ. ಅವನು ಬುದ್ಧಿ ಹೇಳುತ್ತಿರಲಿಲ್ಲ, ಸುಮ್ಮನೆ ಕೇಳುತ್ತಿದ್ದ. ಭಾನುವಾರ ಬಂದರೆ ವಿಮಲಾಬಾಯಿಯೇ, "ಸಿದ್ಧಲಿಂಗ ಯಾಕ ಇನ್ನೂ ಬರ್ಲಿಲ್ಲ?" ಎಂದು ಬಾಗಿಲು ನೋಡುವಂತಾಗಿತ್ತು.

ದೀಪಾವಳಿಯ ಮುಂಚೆ ಪಟ್ಟಿಯ ಕೊನೆಯ ಲಾರಿಯೂ ರಿಪೇರಿಯಾಯಿತು. ಸಿದ್ಧಲಿಂಗ ಅದನ್ನು ಸೇಡಮ್ ದಾರಿಯಲ್ಲಿ ಓಡಿಸಿ ನೋಡಲು ಹೋದ. ಮಧ್ಯಾಹ್ನ ಅವಳ ಫೋನು ಬಡಿಯಿತು. ಅವನ ಹೆಸರು! ಎತ್ತಿದಳು.

"ಗಾಡಿ ಸೈಡಿಗೆ ಹಚ್ಚೀರೇನ್ರಿ?"

"ಹಚ್ಚೀನ್ರಿ. ಇಂಜಿನ್ ಬಂದ್ ಮಾಡೀನಿ. ಕೀಲಿ ಕೈಯಾಗದ. ಕೆಳಗಿಳದು ಕಲ್ಲಿನ ಮ್ಯಾಲ ಕುಂತೀನಿ."

"ಎಲ್ಲಿದ್ದೀರಿ?"

"ಕಾಗಿಣಾ ಸೇತುವೆ ಹಂತ್ಯಾಕ."

ಅವಳು ಕುರ್ಚಿಯಿಂದ ಎದ್ದು ನಿಂತಳು.

"ಮಹೇಶನ ಮುಂದನ ಕೇಳ್ಬೇಕು ಅನಸ್ತು. ಜ್ಯೋತಿ... ನನ್ನ ಜೋಡಿ ಬಾಳ್ವೆ ಮಾಡ್ತೀರೇನ್ರಿ? ಅವ್ವನ್ನ ಬಿಟ್ಟು ಬರ್ರಿ ಅನ್ನಂಗಿಲ್ಲ. ನಾನ ಅಲ್ಲಿಗಿ ಬರ್ತೀನಿ."

ಅವಳು ಫೋನನ್ನು ಕಿವಿಗೊತ್ತಿ ಹಿಡಿದಳು. ಆ ಸಪ್ಪಳಕ್ಕಾಗಿ ಕಾದಳು. ನೀರು ಹರಿಯುವುದಷ್ಟೇ ಕೇಳಿಸಿತು.

"ಸಂಜಿಗೆ ಊಟಕ್ಕ ಬರ್ರಿ," ಎಂದಳು. "ಪುಂಡಿಪಲ್ಯಾ ಮಾಡ್ತೀನಿ."

ಆ ಕಡೆ ಮೂಗೇರಿಸಿದ ಸದ್ದು ಕೇಳಿಸಿತು. ಅವನು ಅಳುತ್ತಿದ್ದನೆಂದು ಅವಳಿಗೆ ತಿಳಿಯಿತು.

"ಇದು... ಹೂಂ ಅಂದಂಗೇನ್ರಿ?"

"ಹೂಂ ಅಂದಂಗ. ಈಗ ಫೋನ್ ಇಡ್ತೀನಿ. ನಾ ಇಟ್ಟಮ್ಯಾಲ ಗಾಡಿ ಚಾಲೂ ಮಾಡ್ರಿ."

"ಮನಿ ಮುಟ್ಟೋತನ ಒಂದೂ ಫೋನ್ ಮಾಡಂಗಿಲ್ಲೇನು?"

"ಮಾಡಂಗಿಲ್ಲ," ಎಂದಳು ಭಾಗ್ಯಜ್ಯೋತಿ. "ಬಾಗಲದಾಗ ನಿಂತಿರ್ತೀನಿ."