ಇಪ್ಪತ್ತರಿಂದ ಹಿಂದಕ್ಕೆ

"ಚೀಟಿ ಎಲ್ಲೇ?"

ಅಜ್ಜ ಒಂದು ಕೈಯಲ್ಲಿ ಕತ್ತರಿ ಹಿಡಿದು, ಇನ್ನೊಂದು ಕೈಯಲ್ಲಿ ಮೇಜನ್ನೆಲ್ಲ ತಡಕುತ್ತಿದ್ದ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಹೊಲಿಗೆ ಮಿಷನ್ ಪಕ್ಕದಲ್ಲಿ ಮೊಮ್ಮಗಳು ನಿಂತಿದ್ದಳು. ಮನೆಯಲ್ಲೂ ಶಾಲೆಯಲ್ಲೂ ಎಲ್ಲರೂ ಅವಳನ್ನು ಕರೆಯುವುದು ಗಡಿಬಿಡಿ ಅಂತಲೇ.

"ಅದು... ರಾಕೆಟ್ ಮಾಡ್ದೆ ಅಜ್ಜ. ಕಿಟಕಿಯಿಂದ ಹೋಯ್ತು. ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ."

"ಅಯ್ಯೋ ನಿನ್ನ! ಅದ್ರಲ್ಲಿ ನರ್ಸಕ್ಕನ ಅಳತೆ ಇತ್ತಲ್ಲೇ!"

ಪಕ್ಕದ ಬೀದಿಯ ನರ್ಸಕ್ಕ ಸಂಜೆ ಆರು ಗಂಟೆಗೆ ಬರುತ್ತಾಳೆ. ಹೊಸ ಕೋಟು ಹಾಕಿಕೊಂಡು ಸೀದಾ ಆಸ್ಪತ್ರೆಗೆ. ಇವತ್ತು ಅವಳ ಕೆಲಸದ ಮೊದಲ ದಿನ. ಅಜ್ಜ ಫೋನ್ ಮಾಡಿ ನೋಡಿದ, ಸ್ವಿಚ್ ಆಫ್. ಗಡಿಯಾರದಲ್ಲಿ ಆಗಲೇ ಎರಡು. ಬಟ್ಟೆಯೂ ಒಂದೇ ಒಂದು ಕೋಟು ಆಗುವಷ್ಟು.

ಹೋದ ತಿಂಗಳು ನರ್ಸಕ್ಕನಿಗೇ ಹೊಲಿದ ದೊಗಲೆ ಕೋಟಿನ ಮಾದರಿ ಕಾಗದ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅದರ ಮೇಲೆ ಅಜ್ಜ ದಪ್ಪಗೆ ಬರೆದಿದ್ದ: ಬೆನ್ನು, 20.

"ಎದೆ ಸುತ್ತಳತೆಗೆ ನಾಲ್ಕಿಂಚು ಕೂಡಿಸಿ, ಬಂದಿದ್ದನ್ನ ಅರ್ಧ ಮಾಡಿ ಈ ಇಪ್ಪತ್ತು ಬರೆದಿದ್ದೆ," ಅಂದ ಅಜ್ಜ. "ಈ ಕೋಟಿಗೆ ಎರಡೇ ಇಂಚು ಕೂಡಿಸ್ಬೇಕು. ಆದ್ರೆ ಸುತ್ತಳತೆನೇ ಮರ್ತೋಯ್ತಲ್ಲ!"

"ನಾನ್ ಹೇಳ್ತೀನಿ! ಸ್ಕೂಲಲ್ಲಿ ಮಾಡಿದೀವಿ. ಕೂಡಿಸಿದ್ರೆ ಕಳೀಬೇಕು, ಅರ್ಧ ಮಾಡಿದ್ರೆ ಡಬಲ್ ಮಾಡ್ಬೇಕು. ಇಪ್ಪತ್ತರಲ್ಲಿ ನಾಲ್ಕು ಹೋದ್ರೆ ಹದಿನಾರು. ಡಬಲ್ ಮಾಡಿದ್ರೆ ಮೂವತ್ತೆರಡು!"

"ಖಾತ್ರಿನಾ? ಕತ್ತರಿಸಿದ ಬಟ್ಟೆ ತಪ್ಪಾಯ್ತು ಅಂದ್ರೆ ಕೂಡ್ಕೊಳಲ್ಲ."

"ಖಾತ್ರಿ!"

ಮೂವತ್ತೆರಡಕ್ಕೆ ಎರಡು ಕೂಡಿಸಿ, ಅರ್ಧ ಮಾಡಿ, ಹದಿನೇಳು ಇಂಚಿಗೆ ಅಜ್ಜ ಸೀಮೆಸುಣ್ಣದ ಗೆರೆ ಎಳೆದ.

ಗಡಿಬಿಡಿ ಸುಮ್ಮನೆ ಬೆರಳಲ್ಲಿ ಹಳೇ ಕೋಟಿನ ಲೆಕ್ಕ ಹಾಕಿ ನೋಡಿದಳು. ಮೂವತ್ತೆರಡಕ್ಕೆ ನಾಲ್ಕು ಕೂಡಿಸಿದರೆ ಮೂವತ್ತಾರು. ಅರ್ಧ ಮಾಡಿದರೆ ಹದಿನೆಂಟು.

ಗೋಡೆಯ ಕಾಗದದಲ್ಲಿ ಇಪ್ಪತ್ತಿದೆ!

ಈಗಷ್ಟೇ ಬೈಸಿಕೊಂಡಾಗಿದೆ. ಬಾಯಿ ಬಿಟ್ಟರೆ ಇನ್ನೊಂದು ಸಲ. ಬಿಡದಿದ್ದರೆ ನರ್ಸಕ್ಕನ ಕೋಟಿಗೆ ಗುಂಡಿಯೇ ಹಾಕಲು ಬರುವುದಿಲ್ಲ. ಕತ್ತರಿ ಬಾಯಿ ತೆರೆಯಿತು.

"ಅಜ್ಜಾ, ನಿಲ್ಸು! ನಂದು ತಪ್ಪು!"

ಕತ್ತರಿ ಅಲ್ಲೇ ನಿಂತಿತು. "ಮತ್ತೇನೇ ನಿಂದು?"

"ನಾನು ಮೊದ್ಲು ನಾಲ್ಕು ಕಳೆದ್ಬಿಟ್ಟೆ. ಆದ್ರೆ ನೀನು ಕೊನೇಗೆ ಮಾಡಿದ್ದು ಅರ್ಧ. ಹೊಲಿಗೆ ಬಿಚ್ಚೋವಾಗ ಕೊನೇದನ್ನೇ ತಾನೇ ಮೊದ್ಲು ಬಿಚ್ಚೋದು? ಹಂಗೇ ಇದೂ. ಮೊದ್ಲು ಡಬಲ್, ನಲವತ್ತು. ಆಮೇಲೆ ನಾಲ್ಕು ಕಳೀಬೇಕು. ಮೂವತ್ತಾರು!"

ಅಜ್ಜ ಅವಳನ್ನೇ ನೋಡಿದ. ಬೈಗುಳ ಬಂದೇ ಬಂತು ಅಂತ ಅವಳು ಹೆಗಲು ಕುಗ್ಗಿಸಿದಳು. ಅಜ್ಜ ಹಳೇ ಗೆರೆ ಒರೆಸಿದ. ಮೂವತ್ತಾರಕ್ಕೆ ಎರಡು ಕೂಡಿಸಿ, ಅರ್ಧ ಮಾಡಿ, ಹತ್ತೊಂಬತ್ತು ಇಂಚಿಗೆ ಹೊಸ ಗೆರೆ ಎಳೆದ.

"ಈಗ ಖಾತ್ರಿನಾ?"

ಗಡಿಬಿಡಿ ತಕ್ಷಣ ಹೂಂ ಅನ್ನಲಿಲ್ಲ. ಮೂವತ್ತಾರಕ್ಕೆ ನಾಲ್ಕು ಕೂಡಿಸಿದಳು, ನಲವತ್ತು. ಅರ್ಧ ಮಾಡಿದಳು, ಇಪ್ಪತ್ತು. ಕಾಗದ ನೋಡಿದಳು. ಇನ್ನೊಂದು ಸಲ ಮೊದಲಿಂದ ಮಾಡಿದಳು. ಅಜ್ಜ ಕಾದ.

"ಹೂಂ ಅಜ್ಜ. ಕತ್ತರಿಸು."

ಕರ್ರ್ ಕರ್ರ್ ಅಂತ ಕತ್ತರಿ ಹೊರಟಿತು. ಬಟ್ಟೆ ಜಾರದಂತೆ ಅವಳು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಭಯ ಇನ್ನೂ ಇತ್ತು. ಆದರೆ ಕಣ್ಣು ಮುಚ್ಚಿಕೊಳ್ಳಬೇಕು ಅನ್ನಿಸಲಿಲ್ಲ.